ಸಾಕು ಎಂದವರ ಲೆಕ್ಕ



ಆಕಾಶವಾಣಿಯಿಂದ ಫೋನ್ ಬಂತು. ‘ಐಶ್ವರ್ಯ, ಯಶಸ್ಸುಗಳಾಚೆಗಿನ ಸುಖ’ ಎಂಬ ವಿಷಯದ ಮೇಲೆ ನೀವು ಮಾತಾಡಬೇಕು ಎಂದರು. ನಂಬರು ತಪ್ಪಿರಬೇಕು ಅಂದುಕೊಂಡೆ. ಇಂಥ ವಿಷಯಕ್ಕೆ ಸ್ವಾಮಿಗಳಿದ್ದಾರೆ, ಪ್ರವಚನಕಾರರಿದ್ದಾರೆ. ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು 2016ರಲ್ಲಿ ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಒಡವೆ ಸಾಲದ ಕೌಂಟರಿನ ಹಿಂದೆ ಕೂತಿದ್ದೆ. ಐಶ್ವರ್ಯದ ಈಚೆಗೆ ಏನಿದೆಯೋ ಅದು ನನಗೆ ಗೊತ್ತು, ಆಚೆಯದು ನನಗೇನು ಗೊತ್ತು ಸ್ವಾಮಿ ಎಂದೆ. ಆ ಕಡೆಯಿಂದ, ‘ಅದಕ್ಕೇ ಸಾರ್ ನಿಮ್ಮನ್ನ ಕೇಳ್ತಿರೋದು’ ಎಂದು ನಕ್ಕರು. ಹೀಗೆ ಸಿಕ್ಕಿಬಿದ್ದವನು ನಿಮ್ಮ ಮುಂದೆ ಕೂತಿದ್ದೇನೆ. ಮಾತು ಸ್ವಲ್ಪ ಬ್ಯಾಂಕಿನ ವಾಸನೆ ಹೊಡೆದರೆ ಸಹಿಸಿಕೊಳ್ಳಿ.

ಲಾಕರು ಕೋಣೆಯಿಂದಲೇ ಶುರುಮಾಡುತ್ತೇನೆ. ಲಾಕರಿಗೆ ಎರಡು ಕೀಲಿ; ಒಂದು ಬ್ಯಾಂಕಿನದು, ಒಂದು ಗಿರಾಕಿಯದು. ಎರಡೂ ಕೂಡಿದರೇ ಬಾಗಿಲು ತೆರೆಯುವುದು. ನಮ್ಮ ಕೀಲಿ ತಿರುಗಿಸಿ ನಾವು ಹೊರಗೆ ಬಂದುಬಿಡಬೇಕು, ಒಳಗೇನಿದೆ ಎಂದು ನೋಡುವ ಹಾಗಿಲ್ಲ. ನೋಡದಿದ್ದರೂ ಕಿವಿ ಇದೆಯಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದು, ಗಂಟು ಬಿಚ್ಚಿದ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಬ್ಬರು ಅಡಿಕೆ ಮಂಡಿಯ ಯಜಮಾನರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಬರುವಾಗಲೂ ಬರಿಗೈ, ಹೋಗುವಾಗಲೂ ಬರಿಗೈ. ಹತ್ತು ನಿಮಿಷ ಒಳಗಿದ್ದು ಹೊರಟುಬಿಡುತ್ತಿದ್ದರು. ಸಲಿಗೆ ಬೆಳೆದ ಮೇಲೆ ಒಮ್ಮೆ ಕೇಳಿಯೇಬಿಟ್ಟೆ.

‘ಇದೆಯಾ ಅಂತ ನೋಡ್ಕೊಂಡು ಹೋಗೋದು ಕಣ್ರೀ’ ಎಂದರು.

‘ಎಲ್ಲಿಗೆ ಹೋಗ್ತದೆ ಯಜಮಾನ್ರೆ, ಇದ್ದೇ ಇರ್ತದಲ್ಲ?’

‘ಇರ್ತದೆ. ಆದ್ರೂ ನೋಡದಿದ್ರೆ ನಿದ್ದೆ ಹತ್ತಲ್ಲ. ನೋಡಿದ್ರೂ ಎರಡು ದಿನ ಅಷ್ಟೇ.’

ಅವರನ್ನು ಜಿಪುಣರೆಂದು ಹೇಳಿ ನಗುವುದು ಸುಲಭ. ಜಿಪುಣರಲ್ಲ. ಊರಿನ ಹೈಸ್ಕೂಲಿಗೆ ಎರಡು ಕೋಣೆ ಕಟ್ಟಿಸಿಕೊಟ್ಟವರು. ಆದರೆ ಆ ‘ಎರಡು ದಿನ ಅಷ್ಟೇ’ ಎಂಬ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಇನ್ನು ನಮ್ಮ ಭಾಷೆಯ ಒಂದು ಚೋದ್ಯ ನೋಡಿ. ಬೇಕು, ಸಾಕು, ಬೇಡ. ಮೂರು ಮಾತು, ಮೂರಕ್ಕೂ ವಿಚಿತ್ರ ವ್ಯಾಕರಣ. ನಾನು ಉಣ್ಣುತ್ತೇನೆ, ನೀನು ಉಣ್ಣುತ್ತೀಯ, ಅವಳು ಉಣ್ಣುತ್ತಾಳೆ ಎಂದು ಕ್ರಿಯಾಪದ ಬದಲಾಗುತ್ತದೆ. ಬೇಕು ಬದಲಾಗುವುದಿಲ್ಲ. ರಾಜನಿಗೂ ಬೇಕು, ಆಳಿಗೂ ಬೇಕು. ಸಾಕೂ ಹಾಗೆಯೇ. ಇನ್ನೂ ಒಂದು ವಿಶೇಷ: ‘ನಾನು ಬೇಕು’ ಎನ್ನುವುದಿಲ್ಲ, ‘ನನಗೆ ಬೇಕು’ ಎನ್ನುತ್ತೇವೆ. ನನಗೆ ಸಾಕು, ನನಗೆ ಸಂತೋಷವಾಯಿತು, ನನಗೆ ನಿದ್ದೆ ಬಂತು, ನನಗೆ ನೆಗಡಿಯಾಯಿತು. ಸಂತೋಷವೂ ನೆಗಡಿಯೂ ಕನ್ನಡದಲ್ಲಿ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ನಾವು ಅದನ್ನು ಮಾಡುವವರಲ್ಲ. ಅದು ನಮಗೆ ಆಗುವಂಥದ್ದು. ದುಡ್ಡು ‘ಮಾಡುತ್ತೇವೆ’, ಮನೆ ‘ಕಟ್ಟುತ್ತೇವೆ’, ಹೆಸರು ‘ಗಳಿಸುತ್ತೇವೆ’. ಸಂತೋಷ ಮಾತ್ರ ‘ಆಗಬೇಕು’. ಭಾಷೆ ಕಟ್ಟಿದ ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸಿಯೇ ಕಟ್ಟಿದರೆಂದು ನಾನು ವಾದಿಸುವುದಿಲ್ಲ. ಆದರೂ, ಸಂತೋಷವನ್ನು ದರಖಾಸ್ತು ಹಾಕಿ ತರಿಸಿಕೊಳ್ಳಲು ಆಗುವುದಿಲ್ಲ ಎಂಬುದು ಅವರಿಗೆ ಹೇಗೋ ಗೊತ್ತಿತ್ತು ಅನ್ನಿಸುತ್ತದೆ.

ಸುಖ ಎಂಬ ಸಂಸ್ಕೃತದ ಮಾತಿನ ಹುಟ್ಟೂ ಚೆನ್ನಾಗಿದೆ. ವೇದದ ಕಾಲದಲ್ಲಿ ಅದು ರಥಕ್ಕೆ ಹೇಳುತ್ತಿದ್ದ ಮಾತು. ‘ಖ’ ಎಂದರೆ ತೂತು. ಗಾಲಿಯ ನಡುವೆ ಅಚ್ಚು ಕೂರುವ ತೂತು ಸರಿಯಾಗಿದ್ದು, ಸಲೀಸಾಗಿ ಓಡುವ ರಥ ‘ಸುಖ’ ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇದ್ದ ಕಾಲದಲ್ಲಿ ಅಪ್ಪ ಗಾಡಿ ಹೂಡುವ ಮೊದಲು ಕೀಲೆಣ್ಣೆ ಹಾಕುತ್ತಿದ್ದರು. ಹಾಕದಿದ್ದರೆ ಊರಿಗೆಲ್ಲ ಕೇಳುವಂತೆ ಗಾಲಿ ಕಿರುಗುಟ್ಟುತ್ತಿತ್ತು. ಹಾಕಿದ ದಿನ ಗಾಡಿ ಇದೆ ಅನ್ನುವುದೇ ಮರೆತುಹೋಗುತ್ತಿತ್ತು, ಮಾತಾಡಿಕೊಂಡು ಸಂತೆಗೆ ಹೋಗಿಬರುತ್ತಿದ್ದೆವು. ಗಾಡಿಯಲ್ಲಿ ಏನು ಹೇರಿದೆ ಎಂಬುದಕ್ಕೂ ಈ ಸುಖಕ್ಕೂ ಸಂಬಂಧವೇ ಇಲ್ಲ.

ಹೇರಿದ್ದು ಮುಖ್ಯವಲ್ಲ ಎಂದು ಇಷ್ಟು ಬೇಗ ಹೇಳಿ ಕೈತೊಳೆದುಕೊಳ್ಳಲು ನನ್ನೊಳಗಿನ ಬ್ಯಾಂಕಿನವನು ಬಿಡುವುದಿಲ್ಲ. ದುಡ್ಡಿನಿಂದ ಸುಖ ಬರುವುದಿಲ್ಲ ಎಂಬ ಮಾತನ್ನು ನಾನು ಹೆಚ್ಚಾಗಿ ಕೇಳಿರುವುದು ದುಡ್ಡಿರುವವರ ಬಾಯಿಂದ. ಮಗಳ ಆಪರೇಷನ್ನಿಗೆ ಎಂದು ತಾಳಿಯ ಗುಂಡು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟವರಿಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ಅವರಿಗೆ ಆ ಹೊತ್ತಿನಲ್ಲಿ ಸುಖ ಎಂದರೆ ಹದಿನೆಂಟು ಸಾವಿರ ರೂಪಾಯಿ, ಅಷ್ಟೇ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು. ಆ ಎರಡಾಣೆಯ ಹಿಂದೆ ಇದ್ದದ್ದು ದುರಾಸೆಯಲ್ಲ, ನಾಳೆ ಎಂಬುದರ ಭಯ ಸ್ವಲ್ಪ ಕಡಿಮೆಯಾಗಲಿ ಎಂಬ ಹಂಬಲ. ಅದು ಕಡಿಮೆಯಾಗುವುದೂ ಸುಖವೇ.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. 2010ರಲ್ಲಿ ಡೇನಿಯಲ್ ಕಾನಮನ್, ಆಂಗಸ್ ಡೀಟನ್ ಎಂಬ ಇಬ್ಬರು ನೊಬೆಲ್ ವಿದ್ವಾಂಸರು, ಅಮೆರಿಕದಲ್ಲಿ ವರ್ಷದ ಆದಾಯ 75,000 ಡಾಲರಿನ ಆಸುಪಾಸು ಮುಟ್ಟಿದ ಮೇಲೆ ದಿನನಿತ್ಯದ ನೆಮ್ಮದಿ ಮತ್ತೆ ಏರುವುದಿಲ್ಲ ಎಂದು ಹೇಳಿದರು. ಲೋಕವೆಲ್ಲ ಅದನ್ನು ಎತ್ತಿಕೊಂಡು ಕುಣಿಯಿತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು, ಹಾಗೇನಿಲ್ಲ, ಏರುತ್ತಲೇ ಹೋಗುತ್ತದೆ ಎಂದರು. ನಮ್ಮ ಕಡೆಯಾಗಿದ್ದರೆ ಪತ್ರಿಕೆಯಲ್ಲಿ ಕೆಸರೆರಚಾಟ ನಡೆಯುತ್ತಿತ್ತು. ಕಾನಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಕೂತು ಮಾತಾಡಿಕೊಂಡು, ಮೂರನೆಯವರೊಬ್ಬರನ್ನು ಪಂಚಾಯ್ತಿಗೆ ಇಟ್ಟುಕೊಂಡು, 2023ರಲ್ಲಿ ಒಟ್ಟಿಗೇ ಪ್ರಬಂಧ ಬರೆದರು. ಹೆಚ್ಚಿನವರಿಗೆ ಆದಾಯ ಏರಿದಷ್ಟೂ ನೆಮ್ಮದಿ ಒಂದಿಷ್ಟು ಏರುತ್ತದೆ. ಮೊದಲೇ ತೀರ ದುಃಖದಲ್ಲಿರುವ ಒಂದು ಗುಂಪಿಗೆ ಮಾತ್ರ ಒಂದು ಹಂತದಿಂದಾಚೆಗೆ ದುಡ್ಡು ಏನೂ ಮಾಡುವುದಿಲ್ಲ ಎಂಬುದು ಅದರ ಸಾರ. ಆ ದುಃಖದವರ ವಿಷಯ ಕೇಳಿದಾಗ ನನಗೆ ಮಂಡಿಯ ಯಜಮಾನರು ನೆನಪಾದರು. ಅವರ ಮನೆಯಲ್ಲಿ ಏನು ನೋವಿತ್ತೋ, ನಾನು ಕೇಳಲಿಲ್ಲ. ಲಾಕರಿನ ಒಳಗೆ ನೋಡುವ ಹಾಗಿಲ್ಲವಲ್ಲ.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು, 1978ರದು. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ಲಾಟರಿ ಹೊಡೆದ 22 ಮಂದಿಯನ್ನು ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಮಾತಾಡಿಸಿದರು. ಲಾಟರಿ ಹೊಡೆಯದ ನೆರೆಯವರಿಗಿಂತ ಇವರು ಹೆಚ್ಚು ಸುಖಿಗಳಾಗಿ ಕಾಣಲಿಲ್ಲ. ಅದು ಈಗ ಹಳೆಯ ಸುದ್ದಿ. ನನಗೆ ಕುತೂಹಲ ಹುಟ್ಟಿಸಿದ್ದು ಅದರ ಇನ್ನೊಂದು ಮಗ್ಗುಲು. ಗೆಳೆಯನ ಜತೆ ಹರಟೆ, ಬೆಳಗಿನ ತಿಂಡಿ, ಒಂದು ಜೋಕು, ಯಾರೋ ಆಡಿದ ಮೆಚ್ಚುಗೆಯ ಮಾತು, ಪತ್ರಿಕೆ ಓದುವುದು, ಇಂಥ ಸಣ್ಣ ಸಣ್ಣ ಸಂಗತಿಗಳಿಂದ ನಿಮಗೆ ಎಷ್ಟು ಖುಷಿಯಾಗುತ್ತದೆ ಎಂದೂ ಅವರು ಕೇಳಿದ್ದರು. ಲಾಟರಿ ಗೆದ್ದವರಿಗೆ ಅವುಗಳ ರುಚಿ ಉಳಿದವರಿಗಿಂತ ಕಡಿಮೆಯಾಗಿತ್ತು. ದೊಡ್ಡದೊಂದು ಬಂದು ಸಣ್ಣವನ್ನೆಲ್ಲ ಸಪ್ಪೆ ಮಾಡಿಬಿಟ್ಟಿತ್ತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಅದಕ್ಕೆ ಮುಂಚೆ ನಮ್ಮ ಬ್ಯಾಂಕಿನ ಎದುರಿಗೇ ಸೈಕಲ್ಲಿಗೆ ಮೈಕು ಕಟ್ಟಿ, ‘ನಾಳೆಯೇ ಡ್ರಾ, ನಾಳೆಯೇ ಡ್ರಾ’ ಎಂದು ಒಬ್ಬ ಕೂಗುತ್ತಿದ್ದ. ಮಧ್ಯಾಹ್ನ ಅವನು ಮೈಕು ಆರಿಸಿ, ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿ ಮುದ್ದೆ ತಿನ್ನುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟು ಗಮನವಿಟ್ಟು ತಿನ್ನುವವರನ್ನು ನಾನು ಮತ್ತೆ ಕಂಡಿಲ್ಲ.

ಒಡವೆ ಸಾಲಕ್ಕೆ ಬರುತ್ತಿದ್ದ ಒಬ್ಬ ಅಜ್ಜಿಯ ಬಗ್ಗೆ ಹೇಳಬೇಕು. ಪ್ರತಿ ವರ್ಷ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಅವಲಕ್ಕಿ ಸರ ಮತ್ತು ಒಂದು ಜೊತೆ ಬುಗುಡಿ ತರುತ್ತಿದ್ದರು. ದೀಪಾವಳಿಯಾಗಿ ಮೆಕ್ಕೆಜೋಳ ಮಾರಿದ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದರು. ಒಡವೆ ತೂಗುವುದಕ್ಕೆ ಒಂದು ಕ್ರಮವಿದೆ. ಮೊದಲು ಒಟ್ಟು ತೂಕ. ಆಮೇಲೆ ನಮ್ಮ ಅಕ್ಕಸಾಲಿ ಒರೆಗಲ್ಲಿನ ಮೇಲೆ ತಿಕ್ಕಿ ಚಿನ್ನದ ಗುಣ ನೋಡಿ, ಹರಳು ಎಷ್ಟು, ಒಳಗೆ ತುಂಬಿದ ಅರಗು ಎಷ್ಟು ಎಂದು ಅಂದಾಜು ಮಾಡಿ ಕಳೆಯುತ್ತಾರೆ. ಉಳಿದದ್ದು ನಿವ್ವಳ ತೂಕ, ಸಾಲ ಅದರ ಮೇಲೆ. ಹೊಳೆಯುವ ನೆಕ್ಲೇಸು ತಂದವರು ನಿವ್ವಳ ತೂಕ ಕೇಳಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದುದುಂಟು. ಅಜ್ಜಿಯ ಸರ ಹಳೇ ಕಾಲದ್ದು, ಕಳೆಯಲು ಅದರಲ್ಲಿ ಏನೂ ಇರುತ್ತಿರಲಿಲ್ಲ. ಒಂದು ವರ್ಷ ಚಿನ್ನದ ಬೆಲೆ ಚೆನ್ನಾಗಿ ಏರಿತ್ತು.

‘ಅಜ್ಜೀ, ಈ ಸಲ ನಲವತ್ತರ ತನಕ ಬರ್ತದೆ. ಬರ್ಕೊಳ್ಳಲಾ?’

‘ಬ್ಯಾಡ ಕಣಪ್ಪ. ಹದಿನೈದು ಸಾಕು. ಬೀಜಕ್ಕೆ, ಗೊಬ್ಬರಕ್ಕೆ ಅಷ್ಟೇ ಬೇಕಿರೋದು.’

‘ಬೆಲೆ ಏರಿದೆಯಲ್ಲ ಅಜ್ಜಿ, ತಗೊಳ್ಳಿ.’

‘ಬೆಲೆ ಏರಿದ್ರೆ ನನ್ ಹೊಲ ದೊಡ್ಡದಾಗ್ತದಾ?’

ನನಗೆ ಆ ವರ್ಷ ಒಡವೆ ಸಾಲದ ಗುರಿ ಮುಟ್ಟಬೇಕಾಗಿತ್ತು. ಮೇಲಿನವರ ಫೋನು ದಿನಾ ಬರುತ್ತಿತ್ತು. ಅಜ್ಜಿಯ ಉತ್ತರ ಕೇಳಿ ನನಗೆ ಸಂತೋಷವಾಗಲಿಲ್ಲ, ಕಿರಿಕಿರಿಯಾಯಿತು. ಇಂದು ಈ ಕಥೆಯನ್ನು ಮೆಚ್ಚಿ ಹೇಳುತ್ತಿರುವವನು ಅಂದು ಹೆಚ್ಚಿಗೆ ತಗೊಳ್ಳಿ ಎಂದು ಮೂರು ಸಲ ಒತ್ತಾಯ ಮಾಡಿದವನೇ. ಬೇಕು ಎನ್ನುವವರಿಂದ ನಡೆಯುವ ಕಸುಬಿನಲ್ಲಿ ಸಾಕು ಎನ್ನುವವರು ಕಾಲಿಗೆ ತೊಡರಿಕೊಂಡಂತೆ.

ನನ್ನದೇ ಕಸುಬಿನವರೊಬ್ಬರು ಇತಿಹಾಸದಲ್ಲಿ ಇದ್ದಾರೆ ಎಂಬುದು ನನಗೊಂದು ಹೆಮ್ಮೆ. ಪುರಂದರದಾಸರು. ದಾಸರಾಗುವ ಮೊದಲು ಅವರು ಶ್ರೀನಿವಾಸ ನಾಯಕ, ರತ್ನ ಮತ್ತು ಒಡವೆಯ ವ್ಯಾಪಾರಿ, ಗಿರವಿ ಇಟ್ಟುಕೊಳ್ಳುವವರು. ನವಕೋಟಿ ನಾರಾಯಣ ಎಂದು ಹೆಸರು. ಪುಣೆ ಹತ್ತಿರದ ಪುರಂದರಗಡದವರು ಎನ್ನುವವರಿದ್ದಾರೆ, ನಮ್ಮ ತೀರ್ಥಹಳ್ಳಿ ಕಡೆಯವರು ಎಂಬ ವಾದವೂ ಬಲವಾಗಿದೆ. ನಾನು ಯಾವ ಪಕ್ಷ ಎಂದು ಬೇರೆ ಹೇಳಬೇಕಾಗಿಲ್ಲ. ಮಗನ ಮುಂಜಿಗೆಂದು ಹಣ ಕೇಳಲು ಬಂದ ಬಡ ಬ್ರಾಹ್ಮಣನನ್ನು ನಾಯಕರು ತಿಂಗಳುಗಟ್ಟಲೆ ನಾಳೆ ಬಾ ಎಂದು ಅಲೆಸಿದ್ದು, ಆತ ಮನೆಗೆ ಹೋದಾಗ ಹೆಂಡತಿ ಸರಸ್ವತಿ ಮೂಗುತಿ ಬಿಚ್ಚಿ ಕೊಟ್ಟದ್ದು, ಅದು ಮಾರಾಟಕ್ಕೆಂದು ಗಂಡನ ಅಂಗಡಿಗೇ ಬಂದದ್ದು, ಆತ ಗುರುತು ಹಿಡಿದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಗದರಿಸಿದ್ದು, ಸರಸ್ವತಿ ವಿಷದ ಬಟ್ಟಲು ಎತ್ತಿದಾಗ ಅದರಲ್ಲೇ ಮೂಗುತಿ ಸಿಕ್ಕಿದ್ದು, ಪೆಟ್ಟಿಗೆ ಬರಿದಾಗಿದ್ದದ್ದು, ಎಲ್ಲ ನಿಮಗೆ ಗೊತ್ತು. 1964ರಲ್ಲಿ ರಾಜಕುಮಾರ್ ಅಭಿನಯಿಸಿದ ‘ನವಕೋಟಿ ನಾರಾಯಣ’ವನ್ನು ನಮ್ಮ ತಲೆಮಾರಿನವರು ಟೆಂಟಿನಲ್ಲಿ ಕೂತು ನೋಡಿದ್ದೇವೆ. ಇದನ್ನು ಪವಾಡದ ಕಥೆ ಎನ್ನುತ್ತಾರೆ. ಒಡವೆ ಸಾಲದ ಕೌಂಟರಿನಿಂದ ನೋಡಿದವನಿಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಒಂದೇ ಮೂಗುತಿ. ಅಂಗಡಿಯಲ್ಲಿ ಅದಕ್ಕೆ ತೂಕ ಇದೆ, ಮನೆಯಲ್ಲಿ ಅದನ್ನು ಕೊಡುವ ಕೈ ಇದೆ.

ಆಮೇಲಿನ ಭಾಗವನ್ನು ಹರಿಕಥೆಯವರು ಇನ್ನೂ ರಸವತ್ತಾಗಿ ಹೇಳುತ್ತಾರೆ. ಎಲ್ಲವನ್ನೂ ದಾನ ಮಾಡಿ ಸಂಸಾರ ಹೊರಟಿದೆ. ಕಾಡುದಾರಿ. ಸರಸ್ವತಿಗೆ ಹೆದರಿಕೆ. ಎಲ್ಲ ಬಿಟ್ಟುಬಂದವರಿಗೆ ಏತರ ಹೆದರಿಕೆ ಎಂದು ಗಂಡ ಕೇಳಿದರೆ, ಮಕ್ಕಳಿಗೆ ನೀರು ಕುಡಿಸಲು ಒಂದು ಚಿನ್ನದ ಬಟ್ಟಲು ತಂದಿದ್ದೇನೆ ಎನ್ನುತ್ತಾಳೆ. ದಾಸರು ಅದನ್ನು ಎಸೆಯುತ್ತಾರೆ. ಹೆದರಿಕೆ ಹೋಯಿತು. ಸಭೆ ಚಪ್ಪಾಳೆ ತಟ್ಟುತ್ತದೆ. ಚಿಕ್ಕಂದಿನಲ್ಲಿ ನಾನೂ ತಟ್ಟಿದ್ದೇನೆ. ಈಗ ಮಾತ್ರ ನನ್ನ ಮನಸ್ಸು ಆ ಬಟ್ಟಲಿನ ಕಡೆಗೇ ವಾಲುತ್ತದೆ. ಮೂಗುತಿಯನ್ನು ಕ್ಷಣ ಯೋಚಿಸದೆ ಬಿಚ್ಚಿಕೊಟ್ಟ ಹೆಂಗಸಿಗೆ ಚಿನ್ನದ ಮೇಲೆ ಆಸೆ ಇತ್ತು ಎನ್ನಲು ಆಗುವುದಿಲ್ಲ. ಆಕೆಯ ತಲೆಯಲ್ಲಿ ಇದ್ದದ್ದು ಮಕ್ಕಳ ಬಾಯಾರಿಕೆ. ಮನೆಯಲ್ಲಿ ಇದ್ದ ಬಟ್ಟಲು ಚಿನ್ನದ್ದೇ ಆಗಿತ್ತು, ಅದಕ್ಕೆ ಆಕೆ ಏನು ಮಾಡಿಯಾಳು? ಗಂಡಸರ ವೈರಾಗ್ಯ ಒಂದೇ ದಿನಕ್ಕೆ ಬರುತ್ತದೆ, ಎಲ್ಲವನ್ನೂ ಒಂದೇ ಸಲಕ್ಕೆ ಎಸೆಯುತ್ತದೆ. ಸಂಜೆ ನೀರು ಏತರಲ್ಲಿ ಕುಡಿಸುವುದು ಎಂಬ ಪ್ರಶ್ನೆ ಹೆಂಗಸಿನ ಪಾಲಿಗೆ ಉಳಿಯುತ್ತದೆ. ದಾಸಭಕ್ತರು ಕೋಪಿಸಿಕೊಳ್ಳಬಾರದು, ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪದಲ್ಲಿ ಕೂತು ಕಣ್ಣು ಒದ್ದೆ ಮಾಡಿಕೊಂಡವನೇ ನಾನು.

ಬಿಡುವವರಿಂದ ಹೀಗಾದರೆ, ಬಿಡದವರಿಂದ ಇನ್ನೂ ಹೆಚ್ಚು. ಯಯಾತಿಯನ್ನೇ ತೆಗೆದುಕೊಳ್ಳಿ. ಮುಪ್ಪು ಬಂದಾಗ ಸಾಕು ಎನ್ನಲಾಗದೆ ಮಗನ ಹರೆಯವನ್ನು ಕೇಳಿ ಪಡೆದವನು. ಮಹಾಭಾರತದ ಕಥೆಯಲ್ಲಿ ಸಾವಿರ ವರ್ಷ ಕಳೆದ ಮೇಲೆ ಅವನಿಗೆ ಬುದ್ಧಿ ಬರುತ್ತದೆ, ಕಥೆ ಮುಗಿಯುತ್ತದೆ. 1961ರಲ್ಲಿ ಬಂದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ ಅದು ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಅಲ್ಲಿ ಆ ಮಗನಿಗೆ ಹೊಸದಾಗಿ ಮದುವೆಯಾಗಿದೆ, ಹೆಂಡತಿಯ ಹೆಸರು ಚಿತ್ರಲೇಖೆ. ಮಾವ ‘ಇನ್ನೂ ಬೇಕು’ ಎಂದದ್ದಕ್ಕೆ ಈಕೆ ಪ್ರಾಣ ತೆರುತ್ತಾಳೆ. ಇಪ್ಪತ್ತು ದಾಟಿದ್ದ ನಾಟಕಕಾರ ಹುಡುಗನೊಬ್ಬನಿಗೆ, ಒಬ್ಬರ ‘ಬೇಕು’ಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಹೊಳೆಯಿತಲ್ಲ ಎಂಬುದು ನನಗೆ ಈಗಲೂ ಬೆರಗು.

‘ಸಾಕು’ ಎಂಬ ಮಾತಿಗೆ ‘ಆಗು’ ಸೇರಿಸಿ ನೋಡಿ. ‘ಸಾಕಾಯ್ತು’. ಅರ್ಥವೇ ತಿರುಗಿಬಿಡುತ್ತದೆ. ದಣಿವು, ಬೇಸರ, ಜಿಗುಪ್ಸೆ. ಎಲೆಯ ಮುಂದೆ ಕೂತು ಕೈ ಅಡ್ಡ ಹಿಡಿದು ‘ಸಾಕು’ ಎನ್ನುವವನ ಮುಖವನ್ನೂ, ವರ್ಗಾವಣೆ, ಪ್ರಮೋಷನ್ನು, ಸೈಟು, ಮನೆ ಎಂದು ಓಡಿ ಅರವತ್ತಕ್ಕೆ ಬಂದು ‘ಸಾಕಾಯ್ತಪ್ಪ’ ಎನ್ನುವವನ ಮುಖವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಎರಡನೆಯ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ.

ಮೊದಲನೆಯ ಮುಖಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಗಂಡ ಮಾರಯ್ಯನೊಂದಿಗೆ ಕಲ್ಯಾಣಕ್ಕೆ ಬಂದವಳು. ಮಾರಯ್ಯನ ಕಾಯಕ ಏನೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಆಯ್ದ ಅಕ್ಕಿ, ಅದೇ ಅವರ ಹೆಸರಾಯಿತು. ತಂದದ್ದರಲ್ಲಿ ಅಡುಗೆ ಮಾಡಿ, ಬಂದವರಿಗೆ ಬಡಿಸಿ, ತಾವು ಉಣ್ಣುವುದು. ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗವೇ ಒಂದು ಭಾಗವಾಗಿ ಬರುತ್ತದೆ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಆ ಪುಸ್ತಕದ ಹೆಸರನ್ನು ನೋಡಿ ನಕ್ಕಿದ್ದೆ. ಶೂನ್ಯದ ಸಂಪಾದನೆಯಂತೆ! ನಮ್ಮ ಯಾವ ಖಾತೆಯಲ್ಲಿ ಇದನ್ನು ಬರೆಯುವುದು ಎಂದು.

ಒಂದು ದಿನ ಮಾರಯ್ಯ ಅನುಭಾವದ ಮಾತುಕತೆಯಲ್ಲಿ ಮೈಮರೆತು ಕೂತುಬಿಟ್ಟ. ಕಾಯಕದ ಹೊತ್ತು ಮೀರಿತು. ಲಕ್ಕಮ್ಮ ಬಂದು, ಕೆಲಸ ನಿಂತಿದೆ, ಏಳಿ ಎಂದು ಎಚ್ಚರಿಸಿದಳು. ಆತ ಗಡಿಬಿಡಿಯಿಂದ ಎದ್ದು ಹೋದ. ಆಯ್ದು ತಂದಾಗ ಅಕ್ಕಿ ದಿನದ್ದಕ್ಕಿಂತ ಹೆಚ್ಚಿತ್ತು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರು ಎಂದೂ ಹೇಳುತ್ತಾರೆ. ಲಕ್ಕಮ್ಮ ನೋಡಿದಳು. ಇಷ್ಟು ನಮ್ಮದಲ್ಲ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಇದರಲ್ಲಿ ನನಗೆ ಹಿಡಿಸುವುದು ತ್ಯಾಗವಲ್ಲ. ತ್ಯಾಗ ಎನ್ನಲು ಅಲ್ಲಿ ಇದ್ದದ್ದಾದರೂ ಏನು, ಎರಡು ಹಿಡಿ ಅಕ್ಕಿ. ನನಗೆ ಹಿಡಿಸುವುದು ಆಕೆಯ ಅಳತೆ. ಕಡಿಮೆಯಾದೀತು ಎನ್ನುವಾಗಲೂ ಆಕೆಯೇ ಎಚ್ಚರಿಸಿದಳು, ಹೆಚ್ಚಾದಾಗಲೂ ಆಕೆಯೇ. ಅನುಭಾವದ ದೊಡ್ಡ ಮಾತಿನಲ್ಲಿ ಮುಳುಗಿದ ಗಂಡನನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದವಳೂ, ತಂದ ಹೆಚ್ಚನ್ನು ತಿರುಗಿ ಕಳಿಸಿದವಳೂ ಒಬ್ಬಳೇ. ಎಷ್ಟು ಬಾಯಿ, ಎಷ್ಟು ಅನ್ನ ಎಂದು ದಿನಾ ಒಲೆಯ ಮುಂದೆ ಲೆಕ್ಕ ಹಾಕುವವಳಿಗೆ ಮಾತ್ರ ಇದು ಗೊತ್ತಿರಲು ಸಾಧ್ಯ. ಎಸೆಯುವುದಕ್ಕೆ ವೈರಾಗ್ಯ ಬೇಕಾಗಬಹುದು. ಅಳೆಯುವುದಕ್ಕೆ ಪಾತ್ರೆ ಗೊತ್ತಿರಬೇಕು. ಲಕ್ಕಮ್ಮನ ಇಪ್ಪತ್ತೈದರಷ್ಟು ವಚನಗಳು ನಮಗೆ ಸಿಕ್ಕಿವೆ. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ದೇವರ ಹೆಸರಿನಲ್ಲೂ ಗಂಡನನ್ನು ಬಿಟ್ಟಿಲ್ಲ. ಎಲ್ಲವನ್ನೂ ಎಸೆದು ಹೊರಟವರ ಕಥೆಗಳ ಪಕ್ಕದಲ್ಲಿ, ಏನನ್ನೂ ಎಸೆಯದೆ ಹೆಚ್ಚನ್ನು ಮಾತ್ರ ಹಿಂದಕ್ಕೆ ಸುರಿದು ಮನೆಯಲ್ಲೇ ಉಳಿದ ಈ ದಂಪತಿ ನನಗೆ ಹತ್ತಿರದವರು ಅನ್ನಿಸುತ್ತಾರೆ.

ನಮ್ಮ ಅಮ್ಮ ಅಕ್ಷರ ಕಲಿತವರಲ್ಲ, ವಚನ ಓದಿದವರಲ್ಲ. ಅವರ ಹತ್ತಿರ ಹಿತ್ತಾಳೆಯ ಒಂದು ಪಾವು ಇತ್ತು. ಅಂಚು ಸವೆದು ನಿಜವಾದ ಪಾವಿಗಿಂತ ಸ್ವಲ್ಪ ಕಡಿಮೆಯೇ ಹಿಡಿಯುತ್ತಿತ್ತು. ಅಳೆದು ಹಾಕಿದ ಮೇಲೆ ಒಂದು ಹಿಡಿ ಅಕ್ಕಿಯನ್ನು ತಿರುಗಿ ಇನ್ನೊಂದು ಮಡಕೆಗೆ ಹಾಕುತ್ತಿದ್ದರು. ಯಾಕೆ ಎಂದರೆ ‘ಯಾರಾದ್ರೂ ಬಂದ್ರೆ’ ಎನ್ನುತ್ತಿದ್ದರು. ಹಸಿವು ಕಂಡ ವರ್ಷಗಳಲ್ಲೂ ಆ ಹಿಡಿ ತಪ್ಪಲಿಲ್ಲ. ಬಂದವರು ಯಾರೋ, ಎಷ್ಟೋ. ನನಗೆ ನೆನಪಿರುವುದು ಅನಿರೀಕ್ಷಿತವಾಗಿ ಬಾಗಿಲಲ್ಲಿ ನೆಂಟರ ನೆರಳು ಬಿದ್ದಾಗ ಅಮ್ಮನ ಮುಖದಲ್ಲಿ ಗಾಬರಿಯೇ ಕಾಣುತ್ತಿರಲಿಲ್ಲ ಎಂಬುದು. ಗೆದ್ದವರ ಹಾಗೆ ಎದ್ದು ಹೋಗಿ ಆ ಮಡಕೆ ಇಳಿಸುತ್ತಿದ್ದರು.

ಕನ್ನಡದಲ್ಲಿ ಇನ್ನೊಂದು ‘ಸಾಕು’ ಇದೆ. ಮಗುವನ್ನು ಸಾಕು, ಹಸುವನ್ನು ಸಾಕು, ಸಾಕುತಾಯಿ. ಎರಡೂ ಬೇರೆ ಬೇರೆ ಪದಗಳು, ಉಚ್ಚಾರ ಮಾತ್ರ ಒಂದೇ. ಇದನ್ನು ಹಿಡಿದು ತತ್ತ್ವ ಹೆಣೆಯಲು ಹೋದರೆ ವ್ಯಾಕರಣ ಬಲ್ಲವರು ನನ್ನನ್ನು ಬಿಡುವುದಿಲ್ಲ. ಆದರೆ ಅಮ್ಮ ಮಡಕೆ ಇಳಿಸಿದ ಹೊತ್ತಿನಲ್ಲಿ ಅದು ಯಾವ ಸಾಕು ಎಂದು ಬೇರೆ ಮಾಡಿ ತೋರಿಸುವುದು ಆ ವ್ಯಾಕರಣದವರಿಗೂ ಕಷ್ಟವೇ.

ಇನ್ನು ನನ್ನ ವಿಷಯ. 2004ರಲ್ಲಿ ಮನೆ ಕಟ್ಟಿಸಿದೆ. ಕೆಳಗೆ ಎರಡು ಕೋಣೆ, ಅಡುಗೆಮನೆ, ಹಜಾರ. ನನ್ನಾಕೆ ಅಷ್ಟು ಸಾಕು ಎಂದಳು. ನಾನು ಮೇಲೊಂದು ಮಹಡಿ ಏರಿಸಿದೆ. ‘ಮಕ್ಕಳು ಸಂಸಾರ ಸಮೇತ ಬಂದ್ರೆ?’ ಎಂದೆ. ಸಾಲದ ಕಂತು ಹನ್ನೆರಡು ವರ್ಷ ನಡೆಯಿತು. ಆ ಕಂತಿಗಾಗಿಯೇ ಪ್ರಮೋಷನ್ ಒಪ್ಪಿಕೊಂಡು ನಾಲ್ಕು ವರ್ಷ ಉತ್ತರ ಭಾರತದಲ್ಲಿ ಒಬ್ಬನೇ ಇದ್ದೆ. ಮಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದ್ದು ಫೋನಿನಲ್ಲಿ ಕೇಳಿ ಗೊತ್ತು. ಈಗ ಅವಳು ಬೆಂಗಳೂರಿನಲ್ಲಿ, ಮಗ ನ್ಯೂಜೆರ್ಸಿಯಲ್ಲಿ. ಬರುತ್ತಾರೆ, ಬಂದಾಗ ಎಲ್ಲರೂ ಕೆಳಗೆ ಹಜಾರದಲ್ಲೇ ಹಾಸಿಗೆ ಹಾಸಿಕೊಂಡು ಹರಟುತ್ತ ಮಲಗುತ್ತಾರೆ. ಮಹಡಿ ಬೀಗ ಹಾಕಿದಂತೆಯೇ ಇತ್ತು. ತಿಂಗಳಿಗೊಮ್ಮೆ ನಾನು ಹತ್ತಿಹೋಗಿ, ಬೀಗ ತೆಗೆದು, ಕಿಟಕಿ ತೆರೆದು, ಹತ್ತು ನಿಮಿಷ ನಿಂತು ಇಳಿದು ಬರುತ್ತಿದ್ದೆ. ಒಂದು ದಿನ ಮೆಟ್ಟಿಲ ಮೇಲೆ ಇದ್ದಕ್ಕಿದ್ದಂತೆ ಅಡಿಕೆ ಮಂಡಿಯ ಯಜಮಾನರು ನೆನಪಾದರು. ಇದೆಯಾ ಅಂತ ನೋಡಿಕೊಂಡು ಹೋಗುವುದು ಕಣ್ರೀ.

ಹೋದ ವರ್ಷ ನನ್ನಾಕೆ ನನ್ನನ್ನು ಕೇಳದೆ ಮಹಡಿಯ ಬೀಗದ ಕೈಯನ್ನು ನರ್ಸಿಂಗ್ ಓದಲು ಹಳ್ಳಿಯಿಂದ ಬಂದ ಇಬ್ಬರು ಹುಡುಗಿಯರಿಗೆ ಕೊಟ್ಟುಬಿಟ್ಟಳು. ಈಗ ಮೇಲೆ ರಾತ್ರಿ ಹನ್ನೊಂದರವರೆಗೆ ದಡಬಡ. ಮೂಳೆಗಳ ಹೆಸರನ್ನು ಹಾಡಿನಂತೆ ರಾಗ ಎಳೆದು ಬಾಯಿಪಾಠ ಮಾಡುತ್ತಾರೆ, ನನಗೂ ಅರ್ಧ ಬಂದುಬಿಟ್ಟಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನ ಕಾಲದ ಪಾವು ಒಂದರ ಬದಲು ಮೂರು ಸಲ ಅಕ್ಕಿ ಡಬ್ಬಕ್ಕೆ ಇಳಿಯುತ್ತದೆ.

ಬಾಡಿಗೆ ಎಷ್ಟು ತೆಗೆದುಕೊಳ್ಳಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳ ಇನ್ನೂ ಮುಗಿದಿಲ್ಲ. ನಾನು ನಮ್ಮ ಬೀದಿಯ ದರ ಹೇಳುತ್ತೇನೆ, ನೀರು, ಕರೆಂಟು ಬೇರೆ ಎನ್ನುತ್ತೇನೆ. ಅವಳು ಹೇಳುವ ಅಂಕಿ ಅದರ ಅರ್ಧವೂ ಇಲ್ಲ. ಕಾಗದ ತೆಗೆದು ಕೂಡಿ ಕಳೆದು ತೋರಿಸಿದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿಯೂ ನೋಡದೆ ‘ಸಾಕು ಬಿಡ್ರೀ’ ಎಂದಳು.

ನಾನಿನ್ನೂ ಒಪ್ಪಿಲ್ಲ.